ಯಾರದ್ದೂ ಅಲ್ಲದ ಮರ

ಭಾನುವಾರದಿಂದ ಅಪ್ಪನ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ.

ಕಣ್ಣಿನ ಆಪರೇಷನ್ನಿಗೆ ಅಂತ ತೀರ್ಥಹಳ್ಳಿಯಿಂದ ಪುಣೆಯ ಕೋಥ್ರೂಡಿಗೆ ಕರೆಸಿಕೊಂಡಿದ್ದು ನಾನೇ, ಅದೂ ಆಷಾಢದಲ್ಲಿ. ಅಡಿಕೆ ತೋಟದವರನ್ನು ಈ ಮಳೆಯಲ್ಲಿ ಊರು ಬಿಡಿಸಬಾರದು ಅಂತ ನನಗೆ ಗೊತ್ತಿರಬೇಕಿತ್ತು.

ಬೆಳಿಗ್ಗೆ ತಮ್ಮನ ವಿಡಿಯೋ ಕಾಲ್. ಅವನಿಗಿನ್ನೂ ಶನಿವಾರ ಸಂಜೆ, ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕಾಡಿನಲ್ಲಿದ್ದ. ಅವನು ಫೋನ್ ಮಾಡುವುದೇ ಏನಾದರೂ ತೋರಿಸೋಕೆ, ನಮ್ಮನ್ನು ವಿಚಾರಿಸೋಕಲ್ಲ. ಒಣಗಿದ ಓಕ್ ಮರ ತೋರಿಸಿದ. ತೊಗಟೆಯಿಂದ ಕಪ್ಪು ರಸ ಸೋರಿತ್ತು. "ಫೈಟೊಫ್ತೊರಾ ರಮೋರಮ್ ಅಂತ. ಬೂಷ್ಟಿನ ಥರ, ಆದ್ರೆ ಫಂಗಸ್ ಅಲ್ಲ, ಪಾಚಿಯ ಕಡೆ ನೆಂಟ. ಅದರ ಬೀಜಕಣ ನೀರಲ್ಲಿ ಈಜುತ್ತೆ" ಅಂದ.

ಫೈಟೊಫ್ತೊರಾ ಅಂದಿದ್ದೇ ಅಪ್ಪ ಕಪ್ಪು ಕನ್ನಡಕ ತೆಗೆದು ಫೋನ್ ಕಸಿದುಕೊಂಡರು. "ನಮ್ಮ ಅಡಿಕೆ ಕೊಳೆರೋಗದ್ದೇ ಅಲ್ವಾ?"

"ಅದೇ ಕುಲ, ಜಾತಿ ಬೇರೆ."

"ದಾಯಾದಿ ಅನ್ನು. ಬೋರ್ಡೋ ಔಷಧಿ ಹೊಡೆಯಲ್ವಾ ಅಲ್ಲಿ?"

ತಮ್ಮ ನಕ್ಕ. "ಕಾಡು ಪೂರ್ತಿ ಯಾರು ಹೊಡೀತಾರಪ್ಪ? ರೋಗ ಬೇರೆ ಕಡೆ ಹೋಗದ ಹಾಗೆ ಬಂದವರು ಬೂಟಿನ ಕೆಸರು ಉಜ್ಜಿಕೊಂಡು ಹೋಗಬೇಕು, ಅಷ್ಟೇ."

"ಯಾರದ್ದೂ ಅಲ್ಲದ ಮರಕ್ಕೆ ಬೂಟು ಒರೆಸ್ತಾರಾ?"

ಇದೇ ಆ ಮಾತು. ಗೇಲಿನೋ ಮೆಚ್ಚುಗೆಯೋ ಗೊತ್ತಾಗಲಿಲ್ಲ.

ರಾತ್ರಿ ಕೂತು ಓದಿದೆ. 1990ರ ದಶಕದ ಮಧ್ಯದಲ್ಲಿ ಅಲ್ಲಿ ಮರಗಳು ಸಾಯತೊಡಗಿದ್ದವು, ಕಾರಣ ಸಿಕ್ಕಿದ್ದು 2000ದಲ್ಲಿ. ಸಾಯುವ ಓಕ್ ಮರ ತಾನು ರೋಗವನ್ನು ಹರಡುವುದು ಕಡಿಮೆಯಂತೆ. ಹರಡುವುದು ಪಕ್ಕದ ಬೇ ಲಾರೆಲ್ ಮರ. ಅದರ ಎಲೆಗೆ ನಾಲ್ಕು ಚುಕ್ಕೆ ಬೀಳುತ್ತೆ, ಮಳೆ ಹನಿ ಅಲ್ಲಿಂದ ಓಕಿಗೆ ದಾಟಿಸುತ್ತೆ, ಅದು ಮಾತ್ರ ಆರಾಮಾಗಿರುತ್ತೆ. ಇಂಥವರು ಎಲ್ಲ ಮನೆಯಲ್ಲೂ ಇರ್ತಾರೆ. ನಮ್ಮ ಮನೆಯಲ್ಲಿ ಯಾರು ಅಂತ ಹೇಳಲ್ಲ, ಊರು ಬಿಟ್ಟು ಬಂದವನು ನಾನೂ ಹೌದಲ್ಲ.

ಮಂಗಳವಾರ ಅಪ್ಪ ನಮ್ಮ ಪಾರ್ಕಿಂಗಿನ ಮರದ ಕೆಳಗೆ ನಿಂತಿದ್ದರು. ಕಾಂಡಕ್ಕೆ ತಾಗುವ ಹಾಗೆ ಕಾಂಕ್ರೀಟ್ ಹಾಕಿದ್ದಾರೆ, ಮೇಲೆ ಟ್ಯೂಷನ್ ಬೋರ್ಡು, ಅದಕ್ಕೆ ಮೂರು ಮೊಳೆ. "ಯಾವ ಮರ ಇದು?" ಅಂದರು. ಒಂಬತ್ತು ವರ್ಷದಿಂದ ಅದರಡಿ ಸ್ಕೂಟರ್ ನಿಲ್ಲಿಸ್ತೀನಿ. ನನಗೆ ಗೊತ್ತಿರಲಿಲ್ಲ.

ಅವರು ಮುಂದೆ ಕೇಳಲಿಲ್ಲ. ಅಷ್ಟರಲ್ಲಿ ಊರಿಂದ ಫೋನ್ ಬಂತು, ಮಳೆ ಹೊಳವಾಗಿದೆ, ಎರಡನೇ ಸಲ ಬೋರ್ಡೋ ಹೊಡೆಯೋಕೆ ಆಳು ಬಂದಿದ್ದಾರೆ ಅಂತ. ಅಪ್ಪ ಆ ಮರಕ್ಕೇ ಒರಗಿ ಜೋರಾಗಿ ಹೇಳುತ್ತಿದ್ದರು: "ನೂರು ಲೀಟರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಕತ್ತಿ ಅದ್ದಿ ನೋಡು ಮಾರಾಯ. ಕೆಂಪಾದ್ರೆ ಇನ್ನೊಂಚೂರು ಸುಣ್ಣ ಹಾಕು."