7.58 ಮಕ್ಕಳ ಲೆಕ್ಕ ಅಲ್ಲ

ಇತ್ತೀಚೆಗೆ ನಮ್ಮ ಕೆಲಸಕ್ಕೆ ಹಣ ಕೊಡುವವರ ಜೊತೆ ನಡೆದ ಫಂಡರ್ ಮೀಟಿಂಗ್ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಕನ್ನಿಂಗ್‌ಹ್ಯಾಮ್ ರಸ್ತೆಯ ಹೋಟೆಲ್ ಒಂದರ ಹಾಲ್. ಪರದೆ ಮೇಲೆ ದಪ್ಪ ಅಕ್ಷರದಲ್ಲಿ ‘ಕರ್ನಾಟಕದಲ್ಲಿ ಮಕ್ಕಳ ಬಡತನ: 7.58%’ ಎಂದಿತ್ತು. ನಾನು ಕೊಟ್ಟ ಟೇಬಲ್‌ನಲ್ಲಿ ಆ ಸಾಲೇ ಇರಲಿಲ್ಲ. ಹಿಂದಿನ ರಾತ್ರಿ ಸ್ಲೈಡ್‌ಗಳು ಡಿಸೈನ್‌ನವರ ಕೈಗೆ ಹೋಗುವಾಗ ಮ್ಯಾನೇಜರ್ ಸೇರಿಸಿದ್ದರು. ರೇಂಜ್, ಅಂದರೆ ನಿಜವಾದ ಸಂಖ್ಯೆ ಎಲ್ಲಿಂದ ಎಲ್ಲಿವರೆಗೆ ಇರಬಹುದು ಅನ್ನುವುದು, ಇದ್ದ ನನ್ನ ಟೇಬಲ್ ಕೊನೆಯ ಅನುಬಂಧಕ್ಕೆ ಹೋಗಿತ್ತು.

7.58 ಸುಳ್ಳು ಸಂಖ್ಯೆಯೇನಲ್ಲ. ನೀತಿ ಆಯೋಗ 2023ರ ಜುಲೈನಲ್ಲಿ ಹೊರತಂದ ಬಹುಆಯಾಮ ಬಡತನ ವರದಿಯದ್ದು. ಆದಾಯವಲ್ಲ, ಆರೋಗ್ಯ, ಶಿಕ್ಷಣ, ಜೀವನಮಟ್ಟದಲ್ಲಿನ ಕೊರತೆಗಳನ್ನು ಸೇರಿಸಿ ಅಳೆಯುವ ಬಡತನ ಅದು. 2015-16ರಲ್ಲಿ 12.77% ಇದ್ದದ್ದು ಎನ್‌ಎಫ್‌ಎಚ್‌ಎಸ್-5ರ (ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಹೊತ್ತಿಗೆ ಅಷ್ಟಕ್ಕೆ ಇಳಿದಿದೆ. ಆದರೆ ಅದು ರಾಜ್ಯದ ಒಟ್ಟು ಜನರಲ್ಲಿ ಬಡ ಮನೆಗಳಲ್ಲಿ ಇರುವವರ ಪಾಲು. ಅಜ್ಜ, ಅಜ್ಜಿ, ದುಡಿಯುವವರು, ಮಕ್ಕಳು ಎಲ್ಲ ಸೇರಿ.

ಎದುರಿಗೆ ಕೂತಿದ್ದ ಫಂಡರ್ ಕಡೆಯ ಮೇಡಂ ಕೇಳಿದರು: ‘ಹಾಗಾದ್ರೆ ಎಷ್ಟು ಮಕ್ಕಳು ಸರ್?’

ಮ್ಯಾನೇಜರ್ ಫೋನ್ ತೆಗೆದರು. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಮಕ್ಕಳು 71 ಲಕ್ಷ ಚಿಲ್ಲರೆ. ಅದನ್ನು 7.58%ರಿಂದ ಗುಣಿಸಿದರು. ‘ಸುಮಾರು 5.4 ಲಕ್ಷ ಮೇಡಂ.’ ಮೇಡಂ ಡೈರಿಯಲ್ಲಿ ಬರೆದುಕೊಳ್ಳತೊಡಗಿದರು. ಹತ್ತು ವರ್ಷಕ್ಕೂ ಹಳೆಯ ಜನಗಣತಿ, ಬರೀ ಆರು ವರ್ಷದವರೆಗಿನವರು, ಎಲ್ಲ ವಯಸ್ಸಿನವರ ದರ. ಮೂರೂ ಸೇರಿ ಒಂದು ಸಂಖ್ಯೆ ಆಗಿತ್ತು. ನಾಳೆ ಅದರ ಮೇಲೆ ಬಜೆಟ್ ಕೂರುತ್ತದೆ, ಎಷ್ಟು ಮಕ್ಕಳಿಗೆ ದುಡ್ಡು ಬೇಕು ಅಂತ ಅದರಿಂದಲೇ ಲೆಕ್ಕ ಹಾಕುತ್ತಾರೆ.

‘ಮೇಡಂ, ದಯವಿಟ್ಟು ಅದನ್ನ ಬರ್ಕೋಬೇಡಿ’ ಅಂದೆ.

ಮ್ಯಾನೇಜರ್ ನನ್ನ ಕಡೆ ತಿರುಗಿದರು. ಯಾರೂ ಮಾತಾಡಲಿಲ್ಲ. ಎದ್ದು ಬೋರ್ಡ್ ಹತ್ತಿರ ಹೋದೆ. ಒಂದು ಬೀದಿ, ಹತ್ತು ಮನೆ ಅಂತ ಬರೆದೆ. ಒಂಬತ್ತು ಮನೆಯಲ್ಲಿ ಅಪ್ಪ, ಅಮ್ಮ, ಒಂದು ಮಗು. ಬಡವರ ಮನೆ ಒಂದೇ. ಅಲ್ಲಿ ಅಪ್ಪ, ಅಮ್ಮ, ನಾಲ್ಕು ಮಕ್ಕಳು. ಮನೆ ಲೆಕ್ಕದಲ್ಲಿ ಬಡತನ 10%. ಜನರ ಲೆಕ್ಕದಲ್ಲಿ 33ಕ್ಕೆ 6, ಅಂದರೆ 18%. ಮಕ್ಕಳ ಲೆಕ್ಕದಲ್ಲಿ 13ಕ್ಕೆ 4, ಸುಮಾರು 31%. ಬೀದಿ ಒಂದೇ, ಸಂಖ್ಯೆ ಮೂರು. ಲೋಕದ ಮಟ್ಟದಲ್ಲೂ ಇದೇ ಕಾಣುತ್ತದೆ. 110 ದೇಶಗಳ 2023ರ ಲೆಕ್ಕದಲ್ಲಿ 110 ಕೋಟಿ ಬಡವರಿದ್ದರು. ಅವರಲ್ಲಿ 56.6 ಕೋಟಿ, ಅಂದರೆ ಅರ್ಧದಷ್ಟು, ಹದಿನೆಂಟರೊಳಗಿನವರು.

ಮೇಡಂ ಸುಮ್ಮನಾಗಲಿಲ್ಲ. ‘ನಿಮ್ಮ ಇನ್ನೊಂದು ಸ್ಲೈಡಲ್ಲಿ ಐದು ವರ್ಷದೊಳಗಿನ 35.4% ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ ಅಂತಿದೆ. ಬಡವರು ಮಾತ್ರ 7.58 ಹೇಗೆ?’ ಅಂದರು.

ಇಂಥ ಪ್ರಶ್ನೆಗೋಸ್ಕರವೇ ಈ ಕೆಲಸ ಮಾಡಬೇಕು ಅನಿಸುತ್ತದೆ. ಎರಡೂ ಎನ್‌ಎಫ್‌ಎಚ್‌ಎಸ್-5ರ ಕರ್ನಾಟಕದ ಸಂಖ್ಯೆಗಳೇ. ಆದರೆ 7.58 ಬಂದ ಬಡತನ ಸೂಚ್ಯಂಕದಲ್ಲಿ ಹನ್ನೆರಡು ಅಂಶಗಳಿವೆ. ಪೋಷಣೆಯ ತೂಕ ಆರನೇ ಒಂದು ಪಾಲು. ಕೊರತೆ ಒಟ್ಟು ಮೂರನೇ ಒಂದು ಪಾಲು ಮುಟ್ಟಿದರೆ ಮಾತ್ರ ಆ ಮನೆ ಬಡವರ ಪಟ್ಟಿಗೆ ಬರುತ್ತದೆ. ಮನೆಯಲ್ಲಿ ಕರೆಂಟ್, ಬ್ಯಾಂಕ್ ಖಾತೆ, ಗ್ಯಾಸ್, ಶೌಚಾಲಯ ಇದ್ದು ಮಗು ಮಾತ್ರ ಬೆಳೆಯದೆ ಉಳಿದಿದ್ದರೆ, ಆ ಮಗು ‘ಬಡ’ ಅಲ್ಲ. ಅಳೆಯುವುದು ಮನೆಯನ್ನು, ಮಗುವನ್ನಲ್ಲ. ಇದನ್ನು ಸ್ಲೈಡಿನ ಕೆಳಗೆ ಒಂದು ಸಾಲು ಬರೆಯಲು ಏನು ಕಷ್ಟ?

ಮೇಡಂ ಡೈರಿಯಲ್ಲಿ ಬರೆದಿದ್ದನ್ನು ಹೊಡೆದುಹಾಕಿದರು. ಲಿಫ್ಟ್‌ನಲ್ಲಿ ಮ್ಯಾನೇಜರ್ ‘ಅಲ್ಲೇ ಹೇಳಬೇಕಿತ್ತಾ? ಆಮೇಲೆ ಮೇಲ್ ಹಾಕಬಹುದಿತ್ತಲ್ಲ’ ಅಂದರು. ಇಲ್ಲ, ಆಗುತ್ತಿರಲಿಲ್ಲ. ಮೀಟಿಂಗ್‌ನಲ್ಲಿ ಕೇಳಿದ ಸಂಖ್ಯೆ ಕಾಗದಕ್ಕೆ ಇಳಿದಮೇಲೆ ತಿದ್ದುಪಡಿ ಮೇಲ್ ಯಾರೂ ತೆರೆಯುವುದಿಲ್ಲ. ಇದನ್ನು ತುಂಬಾ ಸಲ ನೋಡಿದ್ದೇನೆ. ನಮ್ಮ ಟೀಮಿಗೆ ಹೊಸದಾಗಿ ಬರುವವರಿಗೂ ಅದನ್ನೇ ಹೇಳುತ್ತೇನೆ: ತಪ್ಪು ಬಾಯಿಗೆ ಬಂದ ಕಡೆಯೇ ತಡೆಯಿರಿ.

ಆ ವಾರವೇ ಸಮೀಕ್ಷೆಯ ಮೆಂಬರ್ ಫೈಲ್ (ಮನೆಯ ಪ್ರತಿ ಸದಸ್ಯರ ಮಾಹಿತಿ) ತೆಗೆದು ಹದಿನೆಂಟರೊಳಗಿನವರನ್ನಷ್ಟೇ ಇಟ್ಟು, ಸ್ಯಾಂಪಲ್‌ನ ವೇಟ್ (ತೂಕ) ಹಾಕಿ, ಪಿಎಸ್‌ಯು, ಅಂದರೆ ಸ್ಯಾಂಪಲ್‌ಗೆ ಮೊದಲು ಆರಿಸಿದ ಊರು-ಬಡಾವಣೆಗಳ ಗುಂಪು, ಕೊಟ್ಟು ಮತ್ತೆ ಲೆಕ್ಕ ಹಾಕಿದೆವು. ನಿರೀಕ್ಷೆಯಂತೆ 7.58ಕ್ಕಿಂತ ಜಾಸ್ತಿಯೇ ಬಂತು. ಈ ಸಲ ರೇಂಜ್ ಸಮೇತ ಕಳಿಸಿದೆ. ಆದರೂ ಇದರಲ್ಲಿ ಇಲ್ಲದ ಮಕ್ಕಳಿದ್ದಾರೆ. ಸಮೀಕ್ಷೆ ನಡೆಯುವುದು ಮನೆಗಳ ಪಟ್ಟಿ ಹಿಡಿದು. ಯಾದಗಿರಿ, ರಾಯಚೂರು ಕಡೆಯಿಂದ ಬಂದು ಬೆಂಗಳೂರಿನ ಕಟ್ಟಡದ ಶೆಡ್‌ನಿಂದ ಶೆಡ್‌ಗೆ ಹೋಗುವ ಕುಟುಂಬ ಆ ಪಟ್ಟಿಗೆ ಸಿಗುವುದು ಕಷ್ಟ. ಫುಟ್‌ಪಾತ್‌ನಲ್ಲಿ ಮಲಗುವ ಮಕ್ಕಳು, ಬಾಲಮಂದಿರದ ಮಕ್ಕಳು ಅದರಲ್ಲಿ ಬರುವುದೇ ಇಲ್ಲ. ಇವರ ಬಗ್ಗೆ ಬೇರೆ ಪ್ಯಾರಾ ಬೇಕೇಬೇಕು ಅಂತ ಹಟ ಹಿಡಿದೆ.

ಈಗ ಹೊಸ ಜಗಳ ವಿಜಯನಗರದ್ದು. ಮೂವತ್ತೊಂದೂ ಜಿಲ್ಲೆಗಳ ಟೇಬಲ್ ಬೇಕಂತೆ. ಆ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದೇ 2021ರಲ್ಲಿ. ಕರ್ನಾಟಕದ ಸಮೀಕ್ಷೆ ನಡೆದದ್ದು 2019ರಲ್ಲಿ. ಬಳ್ಳಾರಿ ಸ್ಯಾಂಪಲ್ ಒಡೆದರೆ ಎರಡೂ ಕಡೆ ಕ್ಲಸ್ಟರ್ (ಆ ಊರು-ಬಡಾವಣೆಗಳ ಗುಂಪು) ಸಾಲುವುದಿಲ್ಲ. ‘ಬಳ್ಳಾರಿದೇ ಹಾಕ್ಬಿಡಿ, ಯಾರಿಗೆ ಗೊತ್ತಾಗುತ್ತೆ’ ಅಂದರು ಮ್ಯಾನೇಜರ್. ನಾನು ಆ ಸಾಲನ್ನು ಖಾಲಿ ಬಿಟ್ಟು, ಯಾಕೆ ಖಾಲಿ ಅಂತ ಪಕ್ಕದಲ್ಲೇ ಬರೆದು ಕಳಿಸಿದ್ದೇನೆ.