'ಬ್ಲಿವೆ'ಯ ಬಣ್ಣ ಬಯಲು

ಮೂರು ವಾರದಿಂದ ಕಲಿಯುತ್ತಿರುವುದು ಒಂದೇ ಕ್ರಿಯಾಪದ: ಡ್ಯಾನಿಶ್‌ನ 'ಬ್ಲಿವೆ', ನಾರ್ವೇಜಿಯನ್‌ನಲ್ಲಿ 'ಬ್ಲಿ'. ಒಮ್ಮೆ 'ಆಗು', ಇನ್ನೊಮ್ಮೆ 'ಉಳಿ' ಅಂತ ಅರ್ಥ. (ಡ್ಯಾನಿಶರು 'ವ' ಬರೆದು ಬಾಯಲ್ಲಿ ನುಂಗುತ್ತಾರೆ, ನಾರ್ವೆಯವರು ಬರೆಯುವ ಗೋಜಿಗೇ ಹೋಗಿಲ್ಲ.) ಬಾಯಿಪಾಠಕ್ಕೆ ಬರೆದಿಟ್ಟುಕೊಳ್ಳುವ ರೂಪಗಳ ಕಾರ್ಡು ಎಂದೋ ಮುಗಿದವು. ತಲೆ ತಿಂದದ್ದು ಕಾರ್ಡಿನ ಬಣ್ಣ.

ಒಂದು ಅರ್ಥಕ್ಕೆ ಒಂದು ಬಣ್ಣ ಅನ್ನುವುದು ನನ್ನ ನೇಮ. 'ಆಗು'ವಿಗೆ ಹಳದಿ, 'ಉಳಿ'ಗೆ ಹಸಿರು. ಅಂಗಡಿಯವನು ಹಸಿರು ಅಂತ ಕೊಟ್ಟ ಕಟ್ಟು ಟ್ಯೂಬ್‌ಲೈಟ್ ಕೆಳಗೆ ಅಪ್ಪಟ ಹಳದಿ. ವಾಪಸ್ ಒಯ್ದರೆ "ಬಿಸಿಲಿಗೆ ಹಿಡಿದು ನೋಡಿ ಸಾರ್" ಅಂದ. ನಾನು ಓದೋದೇ ರಾತ್ರಿ ಹನ್ನೊಂದಕ್ಕೆ!

ಹಳದಿ ಪಾಲು ನಮಗೆ ಸಲೀಸು. 'ದೆತ್ ಬ್ಲಿವರ್ 50 ಕ್ರೋನರ್' ಅಂದರೆ 'ಐವತ್ತಾಯ್ತು', ನಮ್ಮ ಅಂಗಡಿ ಮಾತೇ. 'ಹುಸೆತ್ ಬ್ಲೆವ್ ಮಾಲೆತ್' ಅಂದರೆ ಮನೆಗೆ ಬಣ್ಣ ಬಳಿಯಲಾಯಿತು. ಕರ್ಮಣಿಗೆ ಅವರಿಗೂ 'ಆಗು'ವೇ ಊರುಗೋಲು.

ಆದರೆ 'ಯೈ ಬ್ಲಿವರ್ ಯೆಮ್ಮೆ'? ಎಮ್ಮೆ ಆಗ್ತೀನಿ ಅಂತಲ್ಲ, ಮನೆಯಲ್ಲೇ ಇರ್ತೀನಿ ಅಂತ. ಸರಿ, ಹಿಂದೆ ಜಾಗದ ಹೆಸರಿದ್ದರೆ 'ಉಳಿ', ನಾಮಪದವೋ ಗುಣವಾಚಕವೋ ಇದ್ದರೆ 'ಆಗು' ಅಂತ ಸೂತ್ರ ಕಟ್ಟಿದೆ. ಎರಡು ದಿನ ಬೀಗಿದೆ. ಮೂರನೇ ದಿನ 'ಹಾನ್ ಬ್ಲೆವ್ ಸಿಡ್ಡೆಂಡೆ' ಎದುರಾಯಿತು: ಅವನು ಕೂತೇ ಇದ್ದ. ಜಾಗವೂ ಇಲ್ಲ, 'ಆಗು'ವೂ ಅಲ್ಲ. ಸೂತ್ರ ಮಣ್ಣುಪಾಲು.

ಗಂಟು ಬಿಚ್ಚಿದ್ದು ಇತಿಹಾಸ. ಇದು ಮಧ್ಯಕಾಲೀನ ಕೆಳಜರ್ಮನ್‌ನಿಂದ (ಉತ್ತರ ಜರ್ಮನಿಯ ನುಡಿ) ಬಂದ ಪದ, ತವರಿನಲ್ಲಿ 'ಉಳಿ' ಅಂತಲೇ ಅರ್ಥ. ಜರ್ಮನ್ 'ಬ್ಲೈಬೆನ್' ಇವತ್ತಿಗೂ ಅಲ್ಲೇ ನಿಂತಿದೆ. ಉತ್ತರ ಜರ್ಮನಿಯ ಹಾನ್ಸಾ ಕೂಟದ ವರ್ತಕರ ಕಾಲದಲ್ಲಿ (ನಾರ್ವೆಯ ಬೆರ್ಗೆನ್‌ನಲ್ಲಿ ಅವರ ಕೋಠಿ ಸುಮಾರು 1360ರದ್ದು) ಉತ್ತರಕ್ಕೆ ಬಂದು, 'ಆಗು' ಅನ್ನುವ ಅಲ್ಲಿನ ಹಳೇ ಕ್ರಿಯಾಪದ 'ವೆರ್ಥ'ದ ಜಾಗ ಹಿಡಿಯಿತು. ಐಸ್‌ಲೆಂಡ್‌ನಲ್ಲಿ ವೆರ್ಥ ಗಟ್ಟಿಯಾಗಿದೆ, ನಾರ್ವೇಜಿಯನ್‌ನ ಎರಡು ಬರಹರೂಪಗಳಲ್ಲಿ ಒಂದಾದ ನೀನಾರ್ಸ್ಕ್‌ನಲ್ಲಿ 'ವೆರ್ತೆ'ಯಾಗಿ ಉಳಿದಿದೆ. ಡ್ಯಾನಿಶ್‌ನಲ್ಲಿ ಬಸುರಿಯನ್ನು 'ವೋರ್ದೆಂಡೆ ಮೂರ್' ಅನ್ನುವಲ್ಲಿ ಅದರ ಚೂರು ಸಿಗುತ್ತದೆ. ಸಿಡ್ಡೆಂಡೆಯ ಜೊತೆಗಿರುವುದು ತವರಿನ ಹಳೇ ಅರ್ಥ!

ಬೇರು ಕೆದಕಿದರೆ ಇನ್ನೂ ಮಜಾ. ಬ್ಲಿವೆಯ ಮೂಲಧಾತು 'ಅಂಟು, ಬಳಿ': ಸಂಸ್ಕೃತದ 'ಲೇಪ' ಅದರ ದಾಯಾದಿ. ವೆರ್ಥದ ಮೂಲ 'ತಿರುಗು': ನಮ್ಮ 'ವರ್ತಿಸು'ವಿನ ಬಳಗ. ಅಂಟಿಕೊಂಡದ್ದು ತಿರುಗುವುದನ್ನು ಮನೆಯಿಂದ ಹೊರಹಾಕಿದೆ.

ಮುಂದಿನದು 'ಫೋ'. ಸಿಗು, ಅನುಮತಿ ಇರು, ಮಾಡಿಸು, ಮೂರೂ ಅದೇ. ಮೂರನೇ ಬಣ್ಣಕ್ಕೆ ಆ ಅಂಗಡಿಗೆ ಕಾಲಿಡೋಲ್ಲ. ಬ್ಲಿವೆ ಜೊತೆ ಬರುವ, ಸಿಡ್ಡೆಂಡೆಯಂಥ 'ಎಂಡೆ' ಬಾಲದವಕ್ಕೆಲ್ಲ ಹಸಿರು ಕಾರ್ಡು ಬಂತು, ಟ್ಯೂಬ್‌ಲೈಟಿಗೆ ಮತ್ತೆ ಹಳದಿ. ಮೂಲೆ ಕತ್ತರಿಸಿ ಗುರುತು ಮಾಡಿಟ್ಟಿದ್ದೇನೆ.