ಬುಧವಾರದ ರೇಟು

ಕುವೈತಿನ ಸಾಲ್ಮಿಯಾದ ನಮ್ಮ ರೂಮಿನ ಕಿಟಕಿ ಗಾಜಿನ ಅಂಚಿಗೆಲ್ಲ ಗಮ್‌ಟೇಪು ಅಂಟಿಸಿತ್ತು. 1986ರಲ್ಲಿ ಇರಾನ್-ಇರಾಕ್ ಯುದ್ಧ ಕುವೈತಿನ ಪಕ್ಕದ ಇರಾಕಿ ಊರು ಫಾವ್ ತನಕ ಬಂದಾಗ ಅಲ್ಲಿ ಫಿರಂಗಿ ಹಾರಿದರೆ ಇಲ್ಲಿ ಗಾಜು ಗಡಗಡ ಅನ್ನುತ್ತಿತ್ತು. ನಾನು ಕುಂದಾಪುರದಿಂದ ಹೋದ ಹೊಸತು, ಒಂದು ವಾರ ಕಣ್ಣು ಮುಚ್ಚಲಿಲ್ಲ. ಆಮೇಲೆ ಟೇಪು ಬಂತು, ಗಾಜಿನ ಸದ್ದು ನಿಂತಿತು, ನಿದ್ದೆಯೂ ಬಂತು. ಯುದ್ಧವೆಂದರೆ ಪಕ್ಕದ ಮನೆಯವರ ಜಗಳ, ನಮಗೆ ಟೇಪು ಸಾಕು ಎಂದು ನಾನು ಕಲಿತದ್ದು ಹಾಗೆ.

ಅದೇ ಧೈರ್ಯದಲ್ಲಿ 1990ರ ಜುಲೈ ಕಳೆಯಿತು. ಕುವೈತ್ ಲೆಕ್ಕ ಮೀರಿ ಎಣ್ಣೆ ತೆಗೆದು ಬೆಲೆ ಬೀಳಿಸುತ್ತಿದೆ, ಗಡಿಯ ರುಮೈಲಾ ಎಣ್ಣೆಬಾವಿಗಳಿಂದ ನಮ್ಮ ಎಣ್ಣೆಯನ್ನೂ ಕದ್ದಿದೆ ಎಂದು ಇರಾಕ್ ಗುಡುಗುತ್ತಿತ್ತು. 17ನೇ ತಾರೀಕು ಸದ್ದಾಮ್ ಹುಸೇನ್ ಭಾಷಣದಲ್ಲೇ ಬೆದರಿಕೆ ಹಾಕಿದ. ಗಡಿಯಲ್ಲಿ ಸೈನ್ಯ ಸೇರುತ್ತಿದೆ ಎಂದು ಬಿಬಿಸಿ ಹೇಳುತ್ತಲೇ ಇತ್ತು. ಮೊದಲು ಮೂವತ್ತು ಸಾವಿರ, ತಿಂಗಳ ಕೊನೆಗೆ ಒಂದು ಲಕ್ಷ.

ಶುವೈಖ್‌ನ ಬಿಡಿಭಾಗದ ಅಂಗಡಿಯಲ್ಲಿ ನಾನು ಸ್ಟೋರ್‌ಕೀಪರ್. ನಮ್ಮ ಅರಬಾಬ್, ಅಂದರೆ ಕುವೈತಿ ಧಣಿ, ಮತ್ತು ಅವನ ತಮ್ಮ ಆಗ ಮಾತು ಬಿಟ್ಟಿದ್ದರು. ಅಮೀರರು 1986ರಲ್ಲೇ ಪಾರ್ಲಿಮೆಂಟು ವಿಸರ್ಜಿಸಿದ್ದರು; ಅದನ್ನು ಮತ್ತೆ ಕರೆಯಿರಿ ಎಂದು ದಿವಾನಿಯಾಗಳಲ್ಲಿ, ಅಂದರೆ ಮನೆಗಳ ಬೈಠಕ್ಕುಗಳಲ್ಲಿ, ಜನ ಸೇರುತ್ತಿದ್ದರು. ತಮ್ಮ ಅಲ್ಲಿಗೆ ಹೋಗಿ ಪೊಲೀಸರ ಅಶ್ರುವಾಯು ಕುಡಿದು ಬಂದವನು. ಪಾರ್ಲಿಮೆಂಟಿನ ಬದಲಿಗೆ ಹೊಸ ಸಭೆಯೊಂದಕ್ಕೆ ಜೂನ್‌ನಲ್ಲಿ ಚುನಾವಣೆಯಾದಾಗ ಅಣ್ಣ ಓಟು ಹಾಕಿದ, ತಮ್ಮ ಹಾಕಲಿಲ್ಲ. ಜುಲೈ ಕೊನೆಯ ವಾರ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಚಹಾ ಕುಡಿಯುವುದನ್ನು ಕಂಡೆ. ನನಗೆ ಹೆದರಿಕೆ ಆಗಬೇಕಾದದ್ದು ಆಗಲೇ. ನಾನೋ, ಸಂಸಾರ ಸರಿಹೋಯಿತು ಎಂದು ಖುಷಿಪಟ್ಟೆ.

"ಸದ್ದಾಮನಿಗೆ ಬೇಕಾದ್ದು ದುಡ್ಡು. ಕೊಟ್ಟರೆ ಹೋಗುತ್ತಾನೆ" ಎಂದ ಅರಬಾಬ್. ತಮ್ಮ ಏನೂ ಹೇಳಲಿಲ್ಲ, ಸಕ್ಕರೆ ಕದಡುತ್ತಲೇ ಇದ್ದ.

ಆಗಸ್ಟ್ 1, ಬುಧವಾರ. ಜೇಬಿನಲ್ಲಿ ಸಂಬಳ, ಉಳಿತಾಯ ಸೇರಿ ಇನ್ನೂರು ದಿನಾರು. ಚೌತಿಯೊಳಗೆ ಜಾಗದ ಬಾಕಿ ಕೊಡಬೇಕೆಂದು ಹೆಂಡತಿಯ ಕಾಗದ ಬಂದಿತ್ತು. ಸಂಜೆ ಊರಿಗೆ ಹಣ ಕಳಿಸುವ ಎಕ್ಸ್‌ಚೇಂಜಿಗೆ ಹೋದರೆ ಸಾಲು ಅಂಗಡಿಯಿಂದ ಹೊರಬಿದ್ದು ಫುಟ್‌ಪಾತಿನಲ್ಲಿ ಬಾಗಿಕೊಂಡು ನಿಂತಿತ್ತು. ಆಗಸ್ಟಿನ ಸೆಕೆ, ಸಂಜೆಯಾದರೂ ನೆಲ ಚಪ್ಪಲಿಯೊಳಗಿನಿಂದ ಸುಡುತ್ತದೆ. ಅಷ್ಟು ಜನ ಯಾಕೆ ಬಂದಿದ್ದಾರೆ ಎಂದು ಯಾರೂ ಬಾಯಿ ಬಿಡಲಿಲ್ಲ. ಮಾತೆಲ್ಲ ಲಾರ್ಡ್ಸ್‌ ಟೆಸ್ಟಿನದು. ಸೋಮವಾರ ಕಪಿಲ್ ದೇವ್ ಫಾಲೋಆನ್ ತಪ್ಪಿಸಲು ಇಪ್ಪತ್ತನಾಲ್ಕು ರನ್ ಬೇಕಿದ್ದಾಗ ಸಾಲಾಗಿ ನಾಲ್ಕು ಸಿಕ್ಸರ್ ಎತ್ತಿದ್ದ. ಪಂದ್ಯ ಸೋತೆವು ಎಂಬುದನ್ನು ಅಲ್ಲಿ ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಬೋರ್ಡಿನಲ್ಲಿ ರೇಟು ನೋಡಿದೆ. ದಿನಾರಿಗೆ ಅರವತ್ತರ ಆಚೀಚೆ ಇರುತ್ತಿದ್ದದ್ದು ಹಿಂದಿನ ವಾರಕ್ಕಿಂತ ಮೂವತ್ತು ಪೈಸೆ ಕಡಿಮೆ. ಜನ ಹೆದರಿ ಕಳಿಸುತ್ತಿದ್ದಾರೆ, ಅಂಗಡಿಯವನು ಕುಯ್ಯುತ್ತಿದ್ದಾನೆ ಎಂದುಕೊಂಡೆ. ಜೆಡ್ಡಾದಲ್ಲಿ ಇರಾಕ್-ಕುವೈತ್ ಮಾತುಕತೆ ನಡೀತಾ ಉಂಟು. ಶನಿವಾರಕ್ಕೆ ಎಲ್ಲ ತಣ್ಣಗಾದರೆ ರೇಟೂ ಏರುತ್ತದೆ. ಇನ್ನೂರಕ್ಕೆ ಅರವತ್ತು ರೂಪಾಯಿ ಉಳಿತಾಯ. ನನ್ನ ಮುಂದೆ ಹದಿನಾಲ್ಕೇ ಜನ ಇದ್ದರು, ಎಣಿಸಿದ್ದೆ. ಸಾಲು ಬಿಟ್ಟು ಬಂದೆ. (ಮುಂದೆ ಜೋರ್ಡಾನಿನ ಅಮ್ಮಾನಿನಲ್ಲಿ ಆ ನೋಟು ಚಾಚಿದಾಗ ಚಹಾದವನೂ ತಲೆಯಲ್ಲಾಡಿಸಿದ.)

ಬರುವಾಗ ಬಖಾಲಾದಲ್ಲಿ ಮೊಸರು ತಗೊಂಡೆ. ಅಂಗಡಿಯ ಕಾಕ ಕಾಸರಗೋಡಿನವರು.

"ಅಕ್ಕಿ ಒಂದು ಚೀಲ ಕೊಂಡ್ಹೋಗಿ ಮಾರಾಯ್ರೆ."

"ಎಂತಕ್ಕೆ ಕಾಕ, ವ್ಯಾಪಾರ ಇಲ್ವಾ?"

ಅವರು ನಗಲಿಲ್ಲ. ನಾನು ಮೊಸರು ಮಾತ್ರ ಹಿಡಿದುಕೊಂಡು ಬಂದೆ.

ರಾತ್ರಿ ರೂಮಿನಲ್ಲಿ ದೊಡ್ಡ ವಾದ. ಇರಾಕಿನದಲ್ಲ, ಉಪಪ್ರಧಾನಿ ದೇವಿಲಾಲರದು. ಪ್ರಧಾನಿ ವಿ.ಪಿ. ಸಿಂಗ್ ದೇವಿಲಾಲರನ್ನು ಸಂಪುಟದಿಂದ ಕೈಬಿಟ್ಟ ದಿನ ಅದು. ಸರಕಾರ ಉಳಿಯುತ್ತದೋ ಬೀಳುತ್ತದೋ ಎಂದು ಐದು ಜನ ಕೂತು, ಊಟ ಆರುವ ತನಕ ಕಿತ್ತಾಡಿದೆವು. ನಡುವೆ ರೇಡಿಯೋ ಜೆಡ್ಡಾ ಮಾತುಕತೆ ಮುರಿದ ಸುದ್ದಿ ಹೇಳಿತು. "ಮುಂದಿನ ಸುತ್ತು ಬಾಗ್ದಾದಿನಲ್ಲಂತೆ, ಹಾಗಾದ್ರೆ ಅಡ್ಡಿಲ್ಲ" ಎಂದು ಯಾರೋ ಅದರ ಕಿವಿ ತಿರುಪಿದರು.

ಬೆಳಗಿನ ಜಾವ ಎಚ್ಚರವಾದದ್ದು ಗಾಜಿನಿಂದ. ಟೇಪು ಇದ್ದೂ ನಡುಗುತ್ತಿತ್ತು. ಏಸಿ ಕೆಟ್ಟಿರಬೇಕೆಂದು ಎದ್ದು ಅದನ್ನೇ ಆರಿಸಿದೆ. ಸದ್ದು ಇನ್ನೂ ಸ್ಪಷ್ಟವಾಯಿತು. ಅಷ್ಟರಲ್ಲಿ ಕಟ್ಟಡದ ಹಾರಿಸ್ (ಕಾವಲುಗಾರ), ಈಜಿಪ್ಟಿನ ಮುದುಕ, ಒಂದೊಂದೇ ಬಾಗಿಲು ಬಡಿಯುತ್ತ ಮೆಟ್ಟಿಲು ಹತ್ತಿ ಬಂದ. "ಇರಾಕಿ, ಇರಾಕಿ" ಅನ್ನುವುದಷ್ಟೇ ಅವನ ಬಾಯಲ್ಲಿ.

ಎರಡು ದಿನ ಹೊರಗೆ ಕಾಲಿಡಲಿಲ್ಲ. ಶನಿವಾರ ಖುಬ್ಬೂಸ್‌ಗೆಂದು ಇಳಿದವನು, ರೊಟ್ಟಿ ಅಂಗಡಿ ಬಿಟ್ಟು ಎಕ್ಸ್‌ಚೇಂಜಿನ ಕಡೆಗೇ ಹೋದೆ. ನಾಚಿಕೆಯ ಮಾತು, ಆದರೆ ಕಾಲು ಹೋದದ್ದು ಅಲ್ಲಿಗೇ. ಜಾಲರಿ ಬಾಗಿಲಿಗೆ ಬೀಗ. ಫುಟ್‌ಪಾತಿನಲ್ಲಿ ಒಂದು ಪಿಳ್ಳೆಯೂ ಇಲ್ಲ. ಜಾಲರಿಗೆ ಹಣೆ ಕೊಟ್ಟು ಒಳಗೆ ನೋಡಿದೆ: ಬೋರ್ಡಿನಲ್ಲಿ ಬುಧವಾರದ ರೇಟು ಹಾಗೇ ಇತ್ತು.